ಹಳೇ ಮರದ ಡೆಕ್: ಪೂರ್ತಿ ಉಜ್ಜಿ ವಾರ್ನಿಶ್ ಹೊಡೆದರೆ ಸಾಕಾ?

ನೀಲಿಬಾಗಿಲು:

ನಮಸ್ಕಾರ. ನಾವು ಈಚೆಗೆ ಬಂದ ಮನೆಯ ಹಿಂದೆ ಒಂದು ಮರದ ಡೆಕ್ ಇದೆ, ಅಂದರೆ ತೊಲೆಗಳ ಮೇಲೆ ಹಲಗೆ ಹಾಸಿದ ತೆರೆದ ಜಗಲಿ. ವಯಸ್ಸು ಎಷ್ಟೋ ಗೊತ್ತಿಲ್ಲ, ನೋಡಿದರೆ ಸಾಕಷ್ಟು ಹಳೆಯದೇ. ಹಿಂದಿದ್ದವರು ಕಂದು ಬಣ್ಣದ್ದೇನೋ ದಪ್ಪಗೆ ಬಳಿದಿದ್ದಾರೆ. ಅದು ಪೇಂಟೋ ಸ್ಟೇನೋ (ಮರಕ್ಕೆ ಬಣ್ಣ ಹಿಡಿಸುವ ದ್ರವ) ನನಗೆ ತಿಳಿಯುತ್ತಿಲ್ಲ. ಬಿಸಿಲು ಬೀಳುವ ಕಡೆ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ, ಗೋಡೆ ಪಕ್ಕ ನೆರಳಿನಲ್ಲಿ ಮಾತ್ರ ಉಗುರು ಹಾಕಿ ಕೆರೆದರೂ ಬರದ ಹಾಗೆ ಕಚ್ಚಿಕೊಂಡಿದೆ, ಮೆಟ್ಟಿಲ ಹತ್ತಿರ ಬಣ್ಣ ಪೂರ್ತಿ ಹೋಗಿ ಮರ ಬೂದಿ ಬಣ್ಣಕ್ಕೆ ತಿರುಗಿದೆ. ಮೊಳೆಗಳ ಸುತ್ತ ಕಪ್ಪು ಕಲೆ. ಕೆಲವು ಮೊಳೆ ತಲೆ ಎತ್ತಿವೆ, ಸಿಬಿರು ಬೇರೆ, ಬರಿಗಾಲಲ್ಲಿ ಓಡಾಡುವ ಹಾಗೇ ಇಲ್ಲ. ಒಂದು ಹಲಗೆ ಮೇಲೆ ಕಾಲಿಟ್ಟರೆ ಸ್ವಲ್ಪ ಕುಸಿದ ಹಾಗೆ ಆಗುತ್ತದೆ.

ಒಬ್ಬರನ್ನು ಕರೆಸಿ ತೋರಿಸಿದೆ. ಪ್ರೆಷರ್ ವಾಷರ್‌ನಲ್ಲಿ ತೊಳೆದು ಮೇಲೆ ಎರಡು ಕೋಟ್ ಹೊಡೆದರೆ ಹೊಸದರ ಹಾಗೆ ಆಗುತ್ತದೆ ಎಂದರು. ಅಷ್ಟೇ ಕೆಲಸ ಆದರೆ ನಾನೇ ಮಾಡಬಹುದಲ್ವಾ? ಪ್ರೆಷರ್ ವಾಷರ್ ಗೆಳೆಯನ ಹತ್ತಿರ ಇದೆ. ನನ್ನ ಹತ್ತಿರ ಒಂದು ಸಣ್ಣ ಸ್ಯಾಂಡರ್ ಇದೆ, ಮನೆಯೊಳಗಿನ ಮೇಜು ಕುರ್ಚಿಗೆ ಪಾಲಿಶ್ ಮಾಡಿ ಅಭ್ಯಾಸವೂ ಇದೆ.

ನನ್ನ ಲೆಕ್ಕ ಹೀಗಿದೆ: ತೊಳೆಯುವುದು, 220 ನಂಬರ್ ಸ್ಯಾಂಡ್‌ಪೇಪರ್ ತನಕ ಹೋಗಿ ನುಣ್ಣಗೆ ಮಾಡುವುದು, ಆಮೇಲೆ ಬಣ್ಣವಿಲ್ಲದ ವಾರ್ನಿಶ್. ಮರದ ಎಳೆ ಕಾಣಬೇಕು ಅನ್ನುವುದೊಂದೇ ನನ್ನ ಆಸೆ. ಆ ಕಪ್ಪು ಕಲೆ ಹೋಗುತ್ತದಾ? ಕುಸಿಯುವ ಹಲಗೆಗೆ ಪುಟ್ಟಿ ತುಂಬಿದರೆ ಆಗುತ್ತದಾ? ಮಾಡಿದವರು ದಯವಿಟ್ಟು ಹೇಳಿ.

ಸುಮ್ನೆಒಂದುಮಾತು:

ವಾರ್ನಿಶ್ ಬೇಡ. ಒಳಗಿನ ಮೇಜು ಬೇರೆ, ಹೊರಗಿನ ನೆಲ ಬೇರೆ. ಉಳಿದಿದ್ದನ್ನು ತಿಳಿದವರು ಹೇಳುತ್ತಾರೆ, ಆದರೆ ಡಬ್ಬಿ ಕೊಳ್ಳುವ ಮುಂಚೆ ಇದೊಂದು ಕೇಳಿಸಿಕೊಳ್ಳಿ.

ಕೀಸುಳಿ:

ಬಣ್ಣದ ಮಾತು ಆಮೇಲೆ. ಮೊದಲು ಒಂದು ಟಾರ್ಚು, ಒಂದು ಚಪ್ಪಟೆ ಸ್ಕ್ರೂಡ್ರೈವರ್ ಹಿಡಿದು ಡೆಕ್ ಕೆಳಗೆ ಹೋಗಿ. ಕೆಳಗೆ ಹೋಗುವಷ್ಟು ಜಾಗ ಇಲ್ಲದಿದ್ದರೆ ಆ ಕುಸಿಯುವ ಹಲಗೆಯನ್ನೇ ಕಿತ್ತು ನೋಡಿ, ಹೇಗಿದ್ದರೂ ಅದನ್ನು ತೆಗೆಯಲೇಬೇಕು.

ಕುಸಿಯುತ್ತಿದೆ ಅಂದರೆ ಎರಡರಲ್ಲಿ ಒಂದು. ಹಲಗೆ ಲಡ್ಡಾಗಿರಬೇಕು, ಇಲ್ಲ ಅದನ್ನು ಹೊತ್ತ ತೊಲೆ ಲಡ್ಡಾಗಿರಬೇಕು. ಹಲಗೆ ಆದರೆ ಅರ್ಧ ದಿನದ ಕೆಲಸ. ತೊಲೆ ಆದರೆ ಕಥೆ ಬೇರೆ. ಸ್ಕ್ರೂಡ್ರೈವರ್ ಮೊನೆಯಿಂದ ಚುಚ್ಚಿ ನೋಡಿ, ಒಳ್ಳೆ ಮರ ಒಳಗೆ ಬಿಡುವುದಿಲ್ಲ, ಕೆಟ್ಟ ಮರಕ್ಕೆ ಸಲೀಸಾಗಿ ಇಳಿಯುತ್ತದೆ, ಎತ್ತಿದರೆ ಉದ್ದನೆ ಎಳೆಯಾಗಿ ಸೀಳದೆ ಪುಡಿಪುಡಿಯಾಗಿ ಮುರಿಯುತ್ತದೆ. ಎಲ್ಲ ಕಡೆ ಚುಚ್ಚುತ್ತಾ ಕೂರಬೇಕಿಲ್ಲ, ನೀರು ನಿಲ್ಲುವ ಜಾಗ ನೋಡಿದರೆ ಸಾಕು: ತೊಲೆಗಳ ಮೇಲ್ಭಾಗ ಹಲಗೆ ಕೂರುವಲ್ಲಿ, ಕಂಬದ ಬುಡ, ಮೆಟ್ಟಿಲ ಪಟ್ಟಿ ನೆಲ ಮುಟ್ಟುವಲ್ಲಿ, ಹಲಗೆಗಳ ತುದಿ, ಮತ್ತೆ ಬಹಳ ಮುಖ್ಯವಾಗಿ ಡೆಕ್ ಮನೆಯ ಗೋಡೆಗೆ ಸೇರುವ ಉದ್ದನೆ ಅಡ್ಡಪಟ್ಟಿ. ಮರ ಕೊಳೆಸುವ ಶಿಲೀಂಧ್ರಕ್ಕೆ ನೀರು ಬೇಕು. ಮರದೊಳಗಿನ ತೇವ ಶೇ. 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಅದಕ್ಕೇ ಬಿಸಿಲಲ್ಲಿ ಒಣಗುವ ಮೇಲ್ಮೈ ಎಷ್ಟೇ ಕೆಟ್ಟದಾಗಿ ಕಂಡರೂ ಗಟ್ಟಿ ಇರುತ್ತದೆ, ಕಣ್ಣಿಗೆ ಕಾಣದ ಸಂದಿಯಲ್ಲಿ ಕೊಳೆ ಶುರುವಾಗುತ್ತದೆ.

ಗೋಡೆಗೆ ಸೇರುವ ಆ ಪಟ್ಟಿ ಬರೀ ಮೊಳೆಯ ಮೇಲೆ ನಿಂತಿದೆಯಾ, ದಪ್ಪ ಬೋಲ್ಟ್ ಇದೆಯಾ ನೋಡಿ. ಬರೀ ಮೊಳೆ ಇದ್ದರೆ ಉಜ್ಜುವ ಬಳಿಯುವ ಯೋಚನೆ ಪಕ್ಕಕ್ಕಿಟ್ಟು ಮೊದಲು ಅದನ್ನು ಸರಿ ಮಾಡಿಸಿ. ಡೆಕ್ ಕುಸಿದು ಬೀಳುವುದು ಬಹಳ ಸಲ ಅಲ್ಲಿಂದಲೇ. ಹತ್ತು ಜನ ಒಟ್ಟಿಗೆ ನಿಂತ ದಿನವೇ ಅದು ಗೊತ್ತಾಗುತ್ತದೆ, ಅದಕ್ಕೆ ಮುಂಚೆ ಏನೂ ಕಾಣುವುದಿಲ್ಲ. ಈ ಒಂದು ಕೆಲಸವನ್ನು ಮಾತ್ರ ಅನುಭವ ಇದ್ದವರ ಕೈಯಲ್ಲಿ ಮಾಡಿಸಿ ಅನ್ನುತ್ತೇನೆ, ಉಳಿದದ್ದೆಲ್ಲ ನೀವೇ ಮಾಡಬಹುದು.

ಪುಟ್ಟಿ ತುಂಬಬೇಡಿ. ಹೊರಗಿನ ಹಲಗೆ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ, ಪುಟ್ಟಿ ಆ ಆಟಕ್ಕೆ ಬರುವುದಿಲ್ಲ, ಬಿರುಕು ಬಿಟ್ಟು ಒಳಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕೊಳೆತ ಹಲಗೆ ತೆಗೆದು ಅದೇ ದಪ್ಪದ ಹೊಸದು ಹಾಕಿ. ಕೊಳೆಯದೆ ಮೇಲೆ ಮಾತ್ರ ಸೀಳಿದ್ದರೆ ಹಲಗೆ ತಿರುಗಿಸಿ ಹಾಕುವ ಉಪಾಯವೂ ಇದೆ, ಕೆಳಗಿನ ಮುಖ ಬಿಸಿಲು ಕಂಡಿರುವುದಿಲ್ಲ, ಎಷ್ಟೋ ಸಲ ಹೊಸದರ ಹಾಗೇ ಇರುತ್ತದೆ.

ತಲೆ ಎತ್ತಿದ ಮೊಳೆಯನ್ನು ಸುತ್ತಿಗೆಯಿಂದ ಮತ್ತೆ ಹೊಡೆದು ಕೂರಿಸಿದರೆ ಪ್ರಯೋಜನ ಇಲ್ಲ. ತೂತು ಆಗಲೇ ಸಡಿಲ ಆಗಿದೆ, ಇನ್ನೊಂದು ಬೇಸಿಗೆ ಕಳೆಯುವುದರೊಳಗೆ ಮತ್ತೆ ಎದ್ದು ಬರುತ್ತದೆ. ಕಿತ್ತು ಹಾಕಿ, ಅದೇ ಜಾಗಕ್ಕೆ ಸ್ವಲ್ಪ ಉದ್ದದ ಸ್ಕ್ರೂ ಹಾಕಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್‌ದಾಗಿರಲಿ, ಇಲ್ಲ ದಪ್ಪಗೆ ಗ್ಯಾಲ್ವನೈಸ್ ಮಾಡಿದ್ದಿರಲಿ. ಕೊಳೆಯದಿರಲೆಂದು ಔಷಧಿ ಹಾಕಿದ ಮರದಲ್ಲಿ ತಾಮ್ರ ಇರುತ್ತದೆ, ಸಾದಾ ಕಬ್ಬಿಣವನ್ನು ಅದು ಬೇಗ ತಿಂದುಹಾಕುತ್ತದೆ.

ಇನ್ನೊಂದು ಮಾತು, ಇದನ್ನು ದಾಟಿಕೊಂಡು ಹೋಗಬೇಡಿ. ಹಲಗೆಯನ್ನು ಅಡ್ಡ ಕತ್ತರಿಸಿದರೆ ಒಳಗೆ ಹಸಿರು ಛಾಯೆ ಕಂಡರೆ ಅದು ಔಷಧಿ ಹಾಕಿದ ಮರ. ಹಳೆಯ ಕಾಲದ ಔಷಧಿಯಲ್ಲಿ ಕ್ರೋಮಿಯಂ, ತಾಮ್ರದ ಜೊತೆ ಆರ್ಸೆನಿಕ್ ಇತ್ತು. ಅಮೆರಿಕದಲ್ಲಿ ಮನೆ ಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು 2003ರ ಕೊನೆಗೆ ನಿಲ್ಲಿಸಿದರು. ಅಂಥ ಮರ ಅನ್ನುವ ಅನುಮಾನ ಇದ್ದರೆ ಮೆಷಿನ್ ಹಾಕಿ ಉಜ್ಜಬೇಡಿ, ಆ ಪುಡಿ ಉಸಿರಿನೊಳಗೆ ಹೋಗಬಾರದು. ತುಂಡುಗಳನ್ನು ಒಲೆಗೆ ಹಾಕಲೇಬೇಡಿ, ಹೊಗೆಯೂ ವಿಷ, ಬೂದಿಯೂ ವಿಷ. ಮೇಲಿರುವ ಬಣ್ಣ ತುಂಬ ಹಳೆಯದಾದರೆ ಅದರಲ್ಲಿ ಸೀಸ ಇರಬಹುದು. ಅದನ್ನು ಪರೀಕ್ಷೆ ಮಾಡುವ ಸಣ್ಣ ಕಿಟ್ ಸಿಗುತ್ತದೆ, ಮೊದಲು ನೋಡಿಕೊಳ್ಳಿ.

ಎರಡನೇಕೋಟ್:

ಕೀಸುಳಿಯವರು ಕೆಳಗಿನದು ಹೇಳಿದ್ದಾರೆ, ನಾನು ಮೇಲಿನದು ಹೇಳುತ್ತೇನೆ.

ವಾರ್ನಿಶ್ ಯಾಕೆ ಬೇಡ ಅಂದರೆ ಅದು ಮರದ ಮೇಲೆ ಒಂದು ಪದರ ಕಟ್ಟುತ್ತದೆ. ಪೇಂಟೂ ಅಷ್ಟೇ, ಮರ ಪೂರ್ತಿ ಮುಚ್ಚುವ ದಪ್ಪ ಸ್ಟೇನೂ ಅಷ್ಟೇ. ಬಾಗಿಲಿಗೆ, ಗೋಡೆಗೆ ಅದು ಚೆನ್ನಾಗಿ ನಿಲ್ಲುತ್ತದೆ. ನೆಲಕ್ಕೆ ನಿಲ್ಲುವುದಿಲ್ಲ, ಯಾಕೆಂದರೆ ನೆಲದ ಮೇಲೆ ನೀರು ನಿಲ್ಲುತ್ತದೆ, ಬಿಸಿಲು ನೇರ ಬೀಳುತ್ತದೆ, ಕಾಲು ಸವೆಸುತ್ತದೆ, ಹಲಗೆಯ ಕೆಳಮುಖ ತುದಿ ಎಲ್ಲ ಬರಿದಾಗಿರುವುದರಿಂದ ಅಲ್ಲಿಂದ ನೀರು ಒಳಗೆ ಹೋಗಿ ಮೇಲಿನ ಪದರವನ್ನು ಒಳಗಿನಿಂದ ತಳ್ಳುತ್ತದೆ. ಬಣ್ಣವಿಲ್ಲದ ವಾರ್ನಿಶ್‌ಗೆ ಇನ್ನೊಂದು ಕಷ್ಟ ಇದೆ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಅದರ ಮೂಲಕ ಸೀದಾ ಇಳಿದು ಮರದ ಎಳೆಗಳನ್ನು ಹಿಡಿದಿಟ್ಟ ಲಿಗ್ನಿನ್ ಅನ್ನು ಹಾಳು ಮಾಡುತ್ತದೆ. ವಾರ್ನಿಶ್ ಇನ್ನೂ ಚೆನ್ನಾಗೇ ಇರುತ್ತದೆ, ಆದರೆ ಅದು ಕಚ್ಚಿಕೊಂಡಿದ್ದ ಮರದ ಪದರವೇ ಕೈಬಿಟ್ಟಿರುತ್ತದೆ. ಹಾಳೆ ಹಾಳೆಯಾಗಿ ಏಳುವುದು ಹೀಗೆ. ನಿಮ್ಮ ಡೆಕ್‌ನಲ್ಲಿ ಬಿಸಿಲ ಕಡೆ ಎದ್ದು ನೆರಳಲ್ಲಿ ಕಚ್ಚಿಕೊಂಡಿದೆ ಅಂದಿರಲ್ಲ, ಕಾರಣ ಅಲ್ಲೇ ಇದೆ.

ನಿಮಗೆ ಬೇಕಾದ್ದು ಮರದೊಳಗೆ ಇಳಿಯುವ, ಅರ್ಧ ಪಾರದರ್ಶಕ ಸ್ಟೇನ್. ಎಣ್ಣೆ ಆಧಾರದ್ದು ನನ್ನ ಇಷ್ಟ. ಸ್ವಲ್ಪ ಬಣ್ಣದ ಪುಡಿ ಇರುತ್ತದೆ, ಬಿಸಿಲು ತಡೆಯುವುದು ಆ ಪುಡಿಯೇ. ಎಳೆ ಚೆನ್ನಾಗಿ ಕಾಣುತ್ತದೆ. ನೆಲದ ಮೇಲೆ ಸಾಮಾನ್ಯವಾಗಿ ಎರಡು ಮೂರು ವರ್ಷ ಬರುತ್ತದೆ. ಪೇಂಟಿಗಿಂತ ಕಡಿಮೆ ಬರುತ್ತದೆ ಅಂತ ಕೆಲವರು ಮೂಗು ಮುರಿಯುತ್ತಾರೆ, ಆದರೆ ಇದು ಏಳುವುದಿಲ್ಲ, ಸುಮ್ನೆ ಮಾಸುತ್ತದೆ. ಮಾಸಿದಾಗ ತೊಳೆದು ಒಣಗಿಸಿ ಇನ್ನೊಂದು ಕೈ ಬಳಿದರೆ ಮುಗಿಯಿತು. ಪೇಂಟ್ ಎದ್ದಾಗ ಏನಾಗುತ್ತದೆ ಅಂತ ನೀವು ಈಗ ನೋಡುತ್ತಲೇ ಇದ್ದೀರಿ.

ಕಷ್ಟ ಏನು ಅಂದರೆ ಹಳೆಯದು ಪೂರ್ತಿ ಹೋಗಬೇಕು. ಒಳಗೆ ಇಳಿಯುವ ಸ್ಟೇನ್‌ಗೆ ಬರಿ ಮರ ಬೇಕು. ನೆರಳಿನ ಕಡೆ ಕಚ್ಚಿಕೊಂಡಿರುವುದಕ್ಕೆ ಹಳೇ ಬಣ್ಣ ಎಬ್ಬಿಸುವ ಡೆಕ್ ಸ್ಟ್ರಿಪ್ಪರ್ ಬಳಸಿ. ಅದರಲ್ಲಿ ಜಾಸ್ತಿ ಇರುವುದು ಕಾಸ್ಟಿಕ್ ಸೋಡಾ, ಹಾಗಾಗಿ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಪೂರ್ತಿ ತೋಳಿನ ಬಟ್ಟೆ. ಸುತ್ತಲಿನ ಗಿಡಗಳಿಗೆ ಮೊದಲು ಚೆನ್ನಾಗಿ ನೀರು ಹಾಕಿ ಪ್ಲಾಸ್ಟಿಕ್ ಹೊದಿಸಿ. ಮೋಡ ಇರುವ ದಿನ ಮಾಡಿ, ಅದು ಒಣಗಬಾರದು, ಒಣಗಿದರೆ ಕೆಲಸ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಗಡಸು ಬ್ರಷ್‌ನಿಂದ ಉಜ್ಜಿ ನೀರು ಬಿಡಿ. ತಂತಿ ಬ್ರಷ್ ಬೇಡ. ಅದರ ಸಣ್ಣ ಕಬ್ಬಿಣದ ಚೂರು ಮರದಲ್ಲಿ ಸಿಕ್ಕಿಕೊಂಡು ಆಮೇಲೆ ಅಲ್ಲೆಲ್ಲ ಕಪ್ಪು ಚುಕ್ಕೆ ಏಳುತ್ತವೆ.

ಬೂದಿ ಬಣ್ಣಕ್ಕೆ ತಿರುಗಿದ ಕಡೆ ಸ್ಟ್ರಿಪ್ಪರ್ ಬೇಕಿಲ್ಲ, ಸೋಡಿಯಂ ಪರ್ಕಾರ್ಬೊನೇಟ್ ಸಾಕು. ಆಕ್ಸಿಜನ್ ಬ್ಲೀಚ್ ಅಂತ ಪುಡಿಯಾಗಿ ಸಿಗುತ್ತದೆ. ಬೆಚ್ಚಗಿನ ನೀರಿಗೆ ಹಾಕಿದರೆ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ, ಕೊಳೆ, ಪಾಚಿ, ಸತ್ತ ಎಳೆ ಎಲ್ಲ ಬಿಟ್ಟುಕೊಡುತ್ತವೆ. ಕಾಲು ಗಂಟೆ ಒದ್ದೆಯಾಗಿಯೇ ಇಟ್ಟು ಉಜ್ಜಿ. ಇದಾದ ಮೇಲೆ ಮರ ಕಪ್ಪಾಗಿ ಕಾಣಬಹುದು, ಹೆದರಬೇಡಿ. ಕ್ಷಾರ ತಗುಲಿದ ಮರ ಹಾಗೇ ಆಗುತ್ತದೆ. ಕೊನೆಗೆ ಆಕ್ಸಾಲಿಕ್ ಆಸಿಡ್ ಬೆರೆಸಿದ ನೀರು ಬಳಿದು ತೊಳೆದರೆ ಕ್ಷಾರವೂ ತಣಿಯುತ್ತದೆ, ಬಣ್ಣವೂ ತಿಳಿಯಾಗುತ್ತದೆ. ಆ ಕ್ಷಣ ನೋಡಲು ನಿಜವಾಗಿಯೂ ಖುಷಿ ಆಗುತ್ತದೆ.

ಮೊಳೆ ಸುತ್ತಲಿನ ಕಪ್ಪು ಅಂದರೆ, ಮೊಳೆಯ ಕಬ್ಬಿಣ ಮತ್ತು ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಸೇರಿ ಆಗುವ ಕಲೆ. ಅದಕ್ಕೂ ಆಕ್ಸಾಲಿಕ್ ಆಸಿಡ್ಡೇ ಮದ್ದು. ಬೇರೆ ಕಡೆ ಇರುವ ಕಪ್ಪು ಬೂಷ್ಟೋ ಅಲ್ಲವೋ ತಿಳಿಯಬೇಕಾದರೆ ಮನೆಯ ಕ್ಲೋರಿನ್ ಬ್ಲೀಚ್ ಒಂದು ಹನಿ ಹಾಕಿ. ಒಂದೆರಡು ನಿಮಿಷದಲ್ಲಿ ಮಾಸಿದರೆ ಬೂಷ್ಟು, ಹಾಗೇ ಉಳಿದರೆ ಧೂಳು ಕೊಳಕು ಅಥವಾ ಕಬ್ಬಿಣ. ಪರೀಕ್ಷೆಗೆ ಮಾತ್ರ ಹನಿ, ಇಡೀ ಡೆಕ್‌ಗೆ ಆ ಬ್ಲೀಚ್ ಸುರಿಯಬೇಡಿ, ಅದು ಲಿಗ್ನಿನ್ ತಿನ್ನುತ್ತದೆ, ಸ್ಕ್ರೂಗಳಿಗೂ ಕೆಟ್ಟದು. ಆ ಹನಿಯನ್ನು ಚೆನ್ನಾಗಿ ತೊಳೆಯದೆ ಮೇಲೆ ಆಸಿಡ್ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ.

ಪ್ರೆಷರ್ ವಾಷರ್ ಬಗ್ಗೆ. ಬಳಸಬೇಡಿ ಅನ್ನುವುದಿಲ್ಲ, ಆದರೆ ತೊಳೆಯುವ ಕೆಲಸ ಕ್ಲೀನರ್‌ದು, ನೀರಿನ ಕೆಲಸ ಅದನ್ನು ಸಾಗಿಸುವುದು. ಮೆದು ಮರಕ್ಕೆ 500ರಿಂದ 600 ಪಿಎಸ್‌ಐ (ಒತ್ತಡದ ಅಳತೆ) ಸಾಕು. ಬೀಸಣಿಗೆಯ ಹಾಗೆ ಹರಡುವ 40 ಡಿಗ್ರಿ ನಾಝಲ್ ಹಾಕಿ, ಮರದಿಂದ ಒಂದು ಅಡಿ ದೂರ, ಎಳೆಯ ಉದ್ದಕ್ಕೇ ಹೋಗಿ. ಹತ್ತಿರ ಹಿಡಿದರೆ ಮೆದು ಭಾಗ ಕಿತ್ತುಹೋಗಿ ಗಡಸು ಗೆರೆಗಳು ಮಾತ್ರ ಎದ್ದು ನಿಲ್ಲುತ್ತವೆ. ಗೆಳೆಯನ ಮೆಷಿನ್ನಿನ ಒತ್ತಡ ಅಷ್ಟು ಕೆಳಗೆ ಇಳಿಯದಿದ್ದರೆ ತೋಟಕ್ಕೆ ನೀರು ಬಿಡುವ ಪೈಪೇ ಒಳ್ಳೆಯದು.

220 ನಂಬರ್ ಬೇಡ. 60ರಲ್ಲಿ ಶುರು ಮಾಡಿ 80ಕ್ಕೆ ನಿಲ್ಲಿಸಿ. ಅದಕ್ಕಿಂತ ನುಣುಪಾದರೆ ಮರದ ರಂಧ್ರ ಮುಚ್ಚಿಕೊಂಡು ಸ್ಟೇನ್ ಒಳಗೆ ಇಳಿಯುವುದಿಲ್ಲ. ಕೈ ಹಿಡಿಯುವ ಕಟಕಟೆಗೆ ಬೇಕಾದರೆ 100ರ ತನಕ ಹೋಗಿ.

ತೇಗದಹಲಗೆ:

ಎಲ್ಲರೂ ಬಳಿ ಬಳಿ ಅನ್ನುತ್ತಿದ್ದೀರಿ, ಒಬ್ಬರಾದರೂ ಬಳಿಯದೇ ಬಿಡಿ ಅನ್ನಬೇಡವೇ?

ಮರ ಬೂದಿ ಬಣ್ಣ ಆಯಿತು ಅಂದರೆ ಹಾಳಾಯಿತು ಅಂತಲ್ಲ. ಮೇಲಿನ ತೆಳುವಾದ ಪದರ ಮಾತ್ರ ಬಿಸಿಲಿಗೆ ಬಣ್ಣ ಬಿಟ್ಟಿರುತ್ತದೆ, ಒಳಗೆ ಹಾಗೇ ಇರುತ್ತದೆ. ಮೆದು ಮರವನ್ನು ಏನೂ ಬಳಿಯದೆ ಗಾಳಿ ಮಳೆಗೆ ನೇರ ನಿಲ್ಲಿಸಿದರೂ ಅದು ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಅನ್ನುವುದು ಮರದ ಪಾಠದಲ್ಲಿ ಹೇಳುವ ಲೆಕ್ಕ. ತೇಗದಂಥ ಮರದ ಚೇಗು (ಒಳತಿರುಳು) ಆದರಂತೂ ತನ್ನ ಎಣ್ಣೆಯಿಂದಲೇ ಕೊಳೆ ತಡೆಯುತ್ತದೆ. ವರ್ಷಕ್ಕೊಮ್ಮೆ ಸೋಪು ನೀರಿನಲ್ಲಿ ಉಜ್ಜಿ, ಸಂದಿಯಲ್ಲಿ ಸೇರಿದ ಎಲೆ ಕಸ ಕೆರೆದು ತೆಗೆದರೆ ಸಾಕು. ಎರಡು ಮೂರು ವರ್ಷಕ್ಕೊಮ್ಮೆ ಮೊಣಕಾಲೂರಿ ಸ್ಟೇನ್ ಬಳಿಯುವವರನ್ನು ನೋಡಿದರೆ ನನಗೆ ಡೆಕ್ ನಮ್ಮ ಸೇವೆಗೆ ಇರುವುದೋ, ನಾವು ಡೆಕ್ ಸೇವೆಗೆ ಇರುವುದೋ ಅನ್ನಿಸುತ್ತದೆ.

ಎರಡನೇಕೋಟ್:

ತೇಗದಹಲಗೆಯವರ ಮಾತು ಅವರ ಹೆಸರಿಗೆ ತಕ್ಕ ಹಾಗೇ ಇದೆ, ತೇಗಕ್ಕೆ ಸರಿ. ಔಷಧಿ ಹಾಕಿದ ಮೆದು ಮರಕ್ಕೆ ನಾನು ಒಪ್ಪುವುದಿಲ್ಲ. ಸವೆತ ನಿಧಾನ, ನಿಜ. ಹಲಗೆಯನ್ನು ಹಾಳು ಮಾಡುವುದು ಸವೆತ ಅಲ್ಲವೇ ಅಲ್ಲ, ನೀರು ಕುಡಿದು ಒಣಗಿ ಮತ್ತೆ ಕುಡಿದು ಸೀಳುವುದು. ಆ ಸೀಳಿನಲ್ಲಿ ನೀರು ಇಳಿದು ಔಷಧಿ ತಲುಪದ ಒಳಭಾಗಕ್ಕೆ ಹೋಗುತ್ತದೆ. ಇವರ ಡೆಕ್‌ನಲ್ಲಿ ಆಗಲೇ ಸಿಬಿರು ಎದ್ದಿದೆ. ಅರ್ಧ ಬಣ್ಣ ಕಚ್ಚಿಕೊಂಡು ಅರ್ಧ ಬೂದಿಯಾಗಿರುವುದನ್ನು ಹಾಗೇ ಬಿಟ್ಟರೆ ನೋಡಲೂ ಚೆನ್ನಾಗಿರುವುದಿಲ್ಲ. ಪೂರ್ತಿ ತೆಗೆದ ಮೇಲೆ ಬಳಿಯಬೇಕೋ ಬಿಡಬೇಕೋ ಅವರೇ ಯೋಚಿಸಲಿ, ಆದರೆ ತೆಗೆಯುವ ಕಷ್ಟ ಎರಡಕ್ಕೂ ಒಂದೇ.

ತೇಗದಹಲಗೆ:

ತೆಗೆಯುವ ಕಷ್ಟ ಒಂದೇ ಅನ್ನುವುದು ಒಪ್ಪಿದೆ. ಉಳಿದದ್ದು ಒಪ್ಪಿಲ್ಲ 🙂

ನೀಲಿಬಾಗಿಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಇದೆ ಅಂತ ಗೊತ್ತೇ ಇರಲಿಲ್ಲ.

ಕೆಳಗೆ ಹೋಗಿ ನೋಡಿದೆ. ಗೋಡೆ ಪಟ್ಟಿಗೆ ಬೋಲ್ಟ್ ಇದೆ, ಮರವೂ ಗಟ್ಟಿ ಇದೆ. ಕುಸಿಯುವ ಹಲಗೆ ಕಿತ್ತೆ, ಹಲಗೆಯೂ ಹೋಗಿದೆ, ಅದರ ಕೆಳಗಿನ ಒಂದು ತೊಲೆಯ ಮೇಲ್ಭಾಗ ಗೇಣುದ್ದ ಮೆತ್ತಗಾಗಿದೆ. ಸ್ಕ್ರೂಡ್ರೈವರ್ ಅರ್ಧ ಇಂಚು ಇಳಿಯುತ್ತದೆ, ಅದರ ಕೆಳಗೆ ಗಟ್ಟಿ. ಬೇರೆ ತೊಲೆಗಳು ಪರವಾಗಿಲ್ಲ. ಹಲಗೆ ಕತ್ತರಿಸಿ ನೋಡಿದೆ, ಹಸಿರು ಇಲ್ಲ, ಕೆಂಪು ಕಂದು ಬಣ್ಣದ ಹಗುರ ಮರ. ಸೀಸದ ಕಿಟ್ ಏನೂ ತೋರಿಸಲಿಲ್ಲ, ಅಷ್ಟಾದರೂ ನೆಮ್ಮದಿ.

ಈಗ ಉಳಿದ ಪ್ರಶ್ನೆ. ಆ ತೊಲೆಯನ್ನು ಪೂರ್ತಿ ಬದಲಿಸಬೇಕಾ? ತೊಳೆದ ಮೇಲೆ ಮರ ಒಣಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಮತ್ತೆ ನಮ್ಮ ಮಾವ ಇಷ್ಟೆಲ್ಲ ಯಾಕೆ, ಅಗಸೆ ಎಣ್ಣೆ ಎರಡು ಸಲ ಬಳಿದರೆ ಸಾಕು ಅನ್ನುತ್ತಿದ್ದಾರೆ. ಅವರಿಗೆ ಏನು ಉತ್ತರ ಕೊಡಲಿ?

ಕೀಸುಳಿ:

ಅರ್ಧ ಇಂಚು, ಗೇಣುದ್ದ ಅಂದರೆ ಬದಲಿಸಬೇಕಿಲ್ಲ. ಮೆತ್ತಗಿರುವುದನ್ನು ಉಳಿಯಿಂದ ಗಟ್ಟಿ ಮರ ಸಿಗುವ ತನಕ ಕೆತ್ತಿ ತೆಗೆಯಿರಿ, ಒಣಗಲು ಬಿಡಿ, ಮರ ಕಾಯುವ ದ್ರಾವಣ ಚೆನ್ನಾಗಿ ಕುಡಿಸಿ. ಆಮೇಲೆ ಅದೇ ಎತ್ತರದ ಹೊಸ ತೊಲೆ ತುಂಡೊಂದನ್ನು ಪಕ್ಕಕ್ಕೆ ಜೋಡಿಸಿ ಬೋಲ್ಟ್ ಹಾಕಿ. ಗೇಣುದ್ದ ಕೆಟ್ಟಿದೆ ಅಂತ ಗೇಣುದ್ದದ ತುಂಡು ಹಾಕಬೇಡಿ, ಎರಡೂ ಕಡೆ ಒಳ್ಳೆ ಮರದ ಮೇಲೆ ಸಾಕಷ್ಟು ದೂರ ಹೋಗಬೇಕು. ಆದಷ್ಟು ಉದ್ದ ಇದ್ದರೆ ಒಳ್ಳೆಯದು, ಎರಡು ಆಧಾರದ ಮೇಲೂ ಕೂರುವ ಹಾಗಿದ್ದರೆ ಇನ್ನೂ ಒಳ್ಳೆಯದು. ಹೊಸ ಹಲಗೆ ಆ ಹೊಸ ತುಂಡಿನ ಮೇಲೆ ಸ್ಕ್ರೂ ಆಗಲಿ.

ಹಲಗೆ ಕಿತ್ತ ಜಾಗದಲ್ಲೆಲ್ಲ ತೊಲೆಯ ಮೇಲೆ ಬ್ಯೂಟೈಲ್ ಟೇಪ್ (ರಬ್ಬರಿನಂಥ ಅಂಟುಪಟ್ಟಿ) ಅಂಟಿಸಿಬಿಡಿ. ಸ್ಕ್ರೂ ಅದರ ಮೂಲಕ ಹೋದರೂ ಅಂಟು ಸುತ್ತ ಹಿಡಿದುಕೊಳ್ಳುತ್ತದೆ, ನೀರು ಇಳಿಯುವುದಿಲ್ಲ. ಹಲಗೆ ಹಲಗೆ ನಡುವೆ ಸಂದಿ ಬಿಡುವುದು ಮರೆಯಬೇಡಿ, ಒಣಗಿದ ಮರ ಆದರೆ ನಾಲ್ಕೈದು ಮಿಲಿಮೀಟರ್. ಒದ್ದೆ ಮರ ಹಾಕುತ್ತಿದ್ದರೆ ಒತ್ತಿ ಹಾಕಿ, ಒಣಗಿದಾಗ ಸಂದಿ ತಾನೇ ಆಗುತ್ತದೆ.

ಹಸಿರಿಲ್ಲದ ಕೆಂಪು ಹಗುರ ಮರ ಅಂದರೆ ಸೀಡರ್ ಜಾತಿಯದಿರಬಹುದು. ಹಾಗಿದ್ದರೆ ಮೆದು ಇರುತ್ತದೆ, ನೀರಿನ ಒತ್ತಡ ಇನ್ನೂ ಕಡಿಮೆ ಇಡಿ. ಉಜ್ಜುವಾಗ ಮಾಸ್ಕ್ ಹಾಕಿ, ಸೀಡರ್ ಪುಡಿ ಕೆಲವರಿಗೆ ದಮ್ಮು ತರಿಸುತ್ತದೆ. ಆ ಜಾತಿಯಲ್ಲಿ ಟ್ಯಾನಿನ್ ಜಾಸ್ತಿ, ಮೊಳೆ ಸುತ್ತ ಕಪ್ಪಾಗಿದ್ದೂ ಅದಕ್ಕೇ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕದಿದ್ದರೆ ಆ ಕಲೆ ಮತ್ತೆ ಬರುತ್ತದೆ.

ಎರಡನೇಕೋಟ್:

ಮಾವನವರಿಗೆ ಹೀಗೆ ಹೇಳಿ. ಅಗಸೆ ಎಣ್ಣೆ ಕೆಟ್ಟದ್ದಲ್ಲ, ಎಷ್ಟೋ ಸ್ಟೇನ್‌ಗಳ ಒಳಗೆ ಇರುವುದೂ ಅದೇ. ಆದರೆ ಬರೀ ಅದನ್ನೇ ಬಳಿದರೆ ಬಿಸಿಲು ತಡೆಯಲು ಅದರಲ್ಲಿ ಬಣ್ಣದ ಪುಡಿ ಇಲ್ಲ, ಬೂಷ್ಟು ತಡೆಯುವ ಮದ್ದೂ ಇಲ್ಲ. ಬೂಷ್ಟಿಗಂತೂ ಅದು ಊಟ ಬಡಿಸಿದ ಹಾಗೆ. ತೇವ ಇರುವ ಕಡೆ ಕೆಲವೇ ತಿಂಗಳಲ್ಲಿ ಕಪ್ಪಾಗುತ್ತದೆ. ಕಾಯಿಸದ ಎಣ್ಣೆ ಆದರೆ ಒಣಗಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಊರಿನ ಧೂಳೆಲ್ಲ ಅಂಟಿರುತ್ತದೆ. ಮನೆಯೊಳಗಿನ ಸಾಮಾನಿಗೆ ಬಳಿಯಲಿ, ಬೇಡ ಅನ್ನುವುದಿಲ್ಲ.

ಒಣಗಿದ್ದು ತಿಳಿಯಲು ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಎರಡು ಸೂಜಿ ಮರಕ್ಕೆ ಚುಚ್ಚಿ ನೋಡುವುದು. ಶೇ. 15 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಬಳಿಯಬಹುದು. ಮೀಟರ್ ಇಲ್ಲದಿದ್ದರೆ ಕನಿಷ್ಠ ಎರಡು ಒಣ ದಿನ ಬಿಡಿ, ನೆರಳಿನ ಕಡೆಗೆ ಇನ್ನೂ ಜಾಸ್ತಿ. ಆಮೇಲೆ ಅಲ್ಲಲ್ಲಿ ನಾಲ್ಕು ಹನಿ ನೀರು ಹಾಕಿ ನೋಡಿ. ಮರ ಬೇಗ ಕುಡಿದರೆ ಸ್ಟೇನ್ ಕೂಡ ಕುಡಿಯುತ್ತದೆ. ಹನಿ ಗುಂಡಗೆ ಹಾಗೇ ನಿಂತರೆ ಅಲ್ಲಿ ಹಳೇ ಪದರ ಇನ್ನೂ ಇದೆ, ಮತ್ತೆ ಉಜ್ಜಬೇಕು. ಈ ಹನಿ ಪರೀಕ್ಷೆಯನ್ನು ಗೋಡೆ ಪಕ್ಕ ಎರಡೆರಡು ಸಲ ಮಾಡಿ, ನಿಮ್ಮ ಡೆಕ್‌ನಲ್ಲಿ ಮೋಸ ಮಾಡುವ ಜಾಗ ಅದೇ.

ಬಳಿಯುವ ದಿನದ ಮಾತು. ಬಿಸಿಲು ನೇರ ಬೀಳುವಾಗ ಬೇಡ, ಒಳಗೆ ಇಳಿಯುವ ಮುಂಚೆಯೇ ಮೇಲೆ ಒಣಗುತ್ತದೆ. ಮುಂದಿನ ಒಂದೆರಡು ದಿನ ಮಳೆ ಇರಬಾರದು. ಹಲವು ಡಬ್ಬಿ ಇದ್ದರೆ ಎಲ್ಲವನ್ನೂ ಒಂದು ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಳ್ಳಿ, ಡಬ್ಬಿಯಿಂದ ಡಬ್ಬಿಗೆ ಬಣ್ಣ ಸ್ವಲ್ಪ ಬೇರೆ ಇರುತ್ತದೆ. ನಡುನಡುವೆಯೂ ಕಲಕುತ್ತಿರಿ, ಬಣ್ಣದ ಪುಡಿ ತಳದಲ್ಲಿ ಕೂರುತ್ತದೆ. ಒಮ್ಮೆಗೆ ಎರಡು ಮೂರು ಹಲಗೆ ಹಿಡಿದು ಈ ತುದಿಯಿಂದ ಆ ತುದಿಗೆ ಮುಗಿಸಿಯೇ ಮುಂದಿನದಕ್ಕೆ ಹೋಗಿ, ನಡುವೆ ನಿಲ್ಲಿಸಿದರೆ ಒಣಗಿದ ಅಂಚಿನ ಮೇಲೆ ಮತ್ತೊಂದು ಕೈ ಬಿದ್ದು ಗೆರೆ ಕಾಣುತ್ತದೆ. ರೋಲರ್‌ನಲ್ಲಿ ಹಾಕಿದರೂ ಹಿಂದೆಯೇ ಬ್ರಷ್‌ನಿಂದ ತಿಕ್ಕಿ ಒಳಗೆ ಕೂರಿಸಬೇಕು. ಕಾಲು ಗಂಟೆ ಆದ ಮೇಲೆ ಮೇಲೆ ನಿಂತಿರುವುದನ್ನು ಬಟ್ಟೆಯಿಂದ ಒರೆಸಿಬಿಡಿ. ಮರ ಕುಡಿಯದೆ ಉಳಿದದ್ದು ಅಂಟಂಟಾಗಿ ಉಳಿಯುತ್ತದೆ, ಜಾಸ್ತಿ ಬಳಿದರೆ ಜಾಸ್ತಿ ಬಾಳಿಕೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಲಗೆಗಳ ತುದಿಗೆ ಮಾತ್ರ ಧಾರಾಳವಾಗಿ ಎರಡು ಮೂರು ಸಲ ಕೊಡಿ, ಮರ ನೀರು ಎಳೆಯುವುದು ಅಲ್ಲಿಂದಲೇ ಜಾಸ್ತಿ.

ಈಗ ಹೇಳುವುದನ್ನು ಮನೆಯವರಿಗೆಲ್ಲ ಹೇಳಿ. ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ, ಕಸದ ಬುಟ್ಟಿಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ಏರುತ್ತಾ ಹೋಗಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಕಡ್ಡಿ ಗೀರಬೇಕಿಲ್ಲ, ಕೆಲವು ಗಂಟೆ ಸಾಕು. ಹೊರಗೆ ಒಂದೊಂದಾಗಿ ಹರಡಿ ಗರಿಗರಿ ಒಣಗಿಸಿ, ಇಲ್ಲ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ. ಮಾವನವರ ಅಗಸೆ ಎಣ್ಣೆ ಬಟ್ಟೆಗೂ ಇದೇ ಮಾತು, ಅದಕ್ಕೆ ಇನ್ನೂ ಜಾಸ್ತಿ.

ಸುಮ್ನೆಒಂದುಮಾತು:

ಬಟ್ಟೆ ವಿಷಯ ತಮಾಷೆ ಅಲ್ಲ. ಬರೀ ಅಷ್ಟಕ್ಕೇ ಮನೆಗಳು ಸುಟ್ಟಿವೆ.

ನೀಲಿಬಾಗಿಲು:

ಬಟ್ಟೆ ವಿಷಯ ಮಾವನಿಗೆ ಓದಿ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು ಶೆಡ್ ಕಡೆ ಹೋದರು, ಅಲ್ಲಿ ಏನಿತ್ತೋ ಕೇಳಲಿಲ್ಲ.

ಇನ್ನೊಂದೇ ಪ್ರಶ್ನೆ. ದೊಡ್ಡ ನೆಲದ ಸ್ಯಾಂಡರ್ ಬಾಡಿಗೆಗೆ ತರಲಾ, ನನ್ನ ಸಣ್ಣದೇ ಸಾಕಾ? ಮತ್ತೆ ಕಟಕಟೆ ಮೊದಲಾ, ನೆಲ ಮೊದಲಾ?

ಕೀಸುಳಿ:

ಆ ದೊಡ್ಡ ಡ್ರಮ್ ಸ್ಯಾಂಡರ್ ಬೇಡ. ಒಂದು ಕ್ಷಣ ನಿಂತಲ್ಲೇ ನಿಂತರೆ ಮರದಲ್ಲಿ ಹಳ್ಳ ತೋಡುತ್ತದೆ, ಸೀಡರ್ ಆದರೆ ಇನ್ನೂ ಬೇಗ. ಹಲಗೆಗಳು ಅಂಚಿನಲ್ಲಿ ಮೇಲೆದ್ದು ದೋಣಿಯಾಗಿದ್ದರೆ ಅದು ಎತ್ತರ ಇರುವ ಕಡೆ ಮಾತ್ರ ಉಜ್ಜುತ್ತದೆ. ನಿಮ್ಮದು ಗುಂಡಗೆ ತಿರುಗುವ ಸ್ಯಾಂಡರ್ ಆದರೆ ಅದೇ ಸಾಕು, ನಿಧಾನ ಆಗುತ್ತದೆ ಅಷ್ಟೇ. ಸ್ಟ್ರಿಪ್ಪರ್ ಚೆನ್ನಾಗಿ ಕೆಲಸ ಮಾಡಿದ್ದರೆ ಉಜ್ಜಬೇಕಾದ್ದು ಸಿಬಿರು ಇರುವ ಕಡೆ, ತೊಳೆದ ಮೇಲೆ ಜುಂಗು ಎದ್ದ ಕಡೆ ಮಾತ್ರ. ಶುರು ಮಾಡುವ ಮುಂಚೆ ಎಲ್ಲ ಸ್ಕ್ರೂ ತಲೆ ಮರದೊಳಗೆ ಇಳಿದಿವೆಯಾ ಕೈಯಾಡಿಸಿ ನೋಡಿ, ಒಂದು ಎದ್ದಿದ್ದರೂ ಪೇಪರ್ ಹರಿಯುತ್ತದೆ. ಉಜ್ಜಿದ ಪುಡಿಯನ್ನು ಗುಡಿಸಿ ಬಿಡಬೇಡಿ, ವ್ಯಾಕ್ಯೂಮ್ ಹಾಕಿ ಸಂದಿಯಿಂದಲೂ ತೆಗೆಯಿರಿ.

ಕಟಕಟೆ ಮೊದಲು. ತೊಳೆಯುವಾಗಲೂ ಅದೇ, ಉಜ್ಜುವಾಗಲೂ ಅದೇ, ಬಳಿಯುವಾಗಲೂ ಅದೇ. ಮೇಲಿನಿಂದ ತೊಟ್ಟಿಕ್ಕಿದ್ದು ಕೆಳಗೆ ಬೀಳುತ್ತದೆ, ಬಿದ್ದ ತಕ್ಷಣ ಒರೆಸಿ. ನೆಲ ಬಳಿಯುವಾಗ ಗೋಡೆ ಪಕ್ಕದಿಂದ ಶುರು ಮಾಡಿ ಮೆಟ್ಟಿಲ ಕಡೆಗೆ ಹಿಂದೆ ಸರಿಯುತ್ತಾ ಬನ್ನಿ, ಮನೆ ಬಾಗಿಲಿನ ಕಡೆಗಲ್ಲ. ಹೊಸದಾಗಿ ಹಾಕಿದ ಆ ಒಂದು ಹಲಗೆಗೆ ಸ್ಟೇನ್ ತೆಳುವಾಗಿ ಹಿಡಿಯುತ್ತದೆ, ಮಿಲ್‌ನಲ್ಲಿ ಕೀಸಿದ ಹೊಳಪು ಇರುತ್ತದೆ ಅದರ ಮೇಲೆ. ಹಾಕುವ ಮುಂಚೆ ಅದಕ್ಕೂ 60 ನಂಬರ್ ಒಂದು ಸಲ ಎಳೆದು, ಆಕ್ಸಾಲಿಕ್ ಆಸಿಡ್ ನೀರಿನಲ್ಲಿ ತೊಳೆದು ಒಣಗಿಸಿ. ಆದರೂ ಈ ವರ್ಷ ಅದು ಬೇರೆಯಾಗಿಯೇ ಕಾಣುತ್ತದೆ, ಮುಂದಿನ ಸಲ ಬಳಿಯುವ ಹೊತ್ತಿಗೆ ಸೇರಿಕೊಳ್ಳುತ್ತದೆ.